ಬರದ ಸೀಮೆಗೆ ನೀರು ನುಗ್ಗಿದಾಗ: ಕೆರೆ ಕೋಡಿ ಬೀಳುವ ಮುಂಚೆ ಮನೆ, ಅಂಗಡಿಗಳ ಸಿದ್ಧತೆ

ಬರಗಾಲ ಬಂದರೆ ಏನು ಮಾಡಬೇಕು ಎನ್ನುವುದು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಅಧಿಕಾರಿಗಳಿಗೂ ಜನರಿಗೂ ಬಾಯಿಪಾಠ. ಟ್ಯಾಂಕರ್ ಬಾಡಿಗೆ, ಮೇವಿನ ಬ್ಯಾಂಕು, ಖಾಸಗಿ ಕೊಳವೆಬಾವಿಯಿಂದ ನೀರು ಕೊಳ್ಳುವುದು, ಎಲ್ಲಕ್ಕೂ ಹಳೇ ಕಡತವಿದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಘೋಷಿಸಿದಾಗ ಈ ಕಡೆಯವರಿಗೆ ಅದೇನೂ ಹೊಸ ಸುದ್ದಿಯಾಗಿರಲಿಲ್ಲ. ನಾವು ತಡವರಿಸುವುದು ನೀರು ಬಂದಾಗ. 2021ರ ನವೆಂಬರಿನಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಮಳೆಗೆ ಕೋಲಾರ, ಚಿಕ್ಕಬಳ್ಳಾಪುರದಲ್ಲಿ ವರ್ಷಗಟ್ಟಲೆ ತುಂಬದ ಕೆರೆಗಳು ಒಂದರ ಹಿಂದೊಂದು ಕೋಡಿ ಬಿದ್ದವು. ಕೊಯ್ಲಿಗೆ ಬಂದ ರಾಗಿ ಹೊಲದಲ್ಲೇ ಮೊಳಕೆಯೊಡೆಯಿತು, ಮಣ್ಣಿನ ಗೋಡೆಗಳು ಕುಸಿದವು, ಊರೂರ ನಡುವಿನ ರಸ್ತೆಗಳು ಕಿತ್ತುಹೋದವು.

ವಿಪತ್ತು ಸಿದ್ಧತೆ ಎಂದು ಮೊಬೈಲಿನಲ್ಲಿ ಹರಿದಾಡುವ ಪಟ್ಟಿಗಳು ಹೆಚ್ಚಾಗಿ ಕರಾವಳಿಗೋ ದೊಡ್ಡ ನದಿಯ ದಂಡೆಗೋ ಹೊಂದುವಂಥವು. ಅಲ್ಲಿ ನೀರು ನಿಧಾನವಾಗಿ ಏರಿ ದಿನಗಟ್ಟಲೆ ನಿಲ್ಲುತ್ತದೆ. ನಮ್ಮಲ್ಲಿ ಹಾಗಲ್ಲ. ರಾತ್ರಿ ಹತ್ತಕ್ಕೆ ಒಣಗಿದ್ದ ಹಳ್ಳ ಬೆಳಗಿನ ಜಾವ ಎರಡಕ್ಕೆ ಎದೆಮಟ್ಟ ಹರಿದು, ಮಧ್ಯಾಹ್ನಕ್ಕೆ ಮೊಣಕಾಲಿಗಿಳಿದಿರುತ್ತದೆ. ಹಾನಿಯೆಲ್ಲ ಆ ಕೆಲವು ಗಂಟೆಗಳಲ್ಲೇ ಮುಗಿದಿರುತ್ತದೆ. ಹಾಗಾಗಿ ಇಲ್ಲಿ ಸಿದ್ಧತೆ ಎಂದರೆ ವಾರಕ್ಕಾಗುವ ದಿನಸಿ ಕೂಡಿಡುವುದಕ್ಕಿಂತ ಮೊದಲು, ನಿಮ್ಮ ಮನೆಯ ಮೇಲ್ಗಡೆ ಯಾವ ಕೆರೆ ಇದೆ, ಅದರ ಕೋಡಿ ನೀರು ಯಾವ ದಾರಿ ಹಿಡಿಯುತ್ತದೆ ಎಂದು ತಿಳಿದುಕೊಳ್ಳುವುದು.

ತುಂಬಿದ ಕೆರೆಗೆ ಮಳೆ ಬಿದ್ದರೆ

ಈ ಸೀಮೆಯ ಕೆರೆಗಳು ಬಿಡಿಬಿಡಿಯಾಗಿಲ್ಲ. ಮೇಲಿನದು ತುಂಬಿ ಕೋಡಿ ಹರಿದರೆ ಆ ನೀರು ಕಾಲುವೆ ಹಿಡಿದು ಕೆಳಗಿನದಕ್ಕೆ, ಅಲ್ಲಿಂದ ಅದರ ಕೆಳಗಿನದಕ್ಕೆ. ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಜಯಮಂಗಲಿ ಎಂದು ನಾವು ಕರೆಯುವ ನದಿಗಳು ಈ ಭಾಗದಲ್ಲಿ ವರ್ಷದ ಬಹುಪಾಲು ಕೆರೆಗಳ ಸರಪಳಿಯಷ್ಟೇ. ಬರದ ವರ್ಷಗಳಲ್ಲಿ ಈ ಸರಪಳಿಗೆ ಒಂದು ಅನುಕೂಲವಿತ್ತು: ಖಾಲಿ ಕೆರೆ ಮೊದಲ ದೊಡ್ಡ ಮಳೆಯನ್ನು ಪೂರ್ತಿ ನುಂಗಿಕೊಳ್ಳುತ್ತಿತ್ತು.

ಆ ಅನುಕೂಲ ಈಗ ಬಹಳ ಕಡೆ ಇಲ್ಲ. 2018ರ ಜೂನಿನಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಲಕ್ಷ್ಮೀಸಾಗರ ಕೆರೆಯಿಂದ ಶುರುವಾಗಿ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಇದೇ ಬಗೆಯ ಎಚ್.ಎನ್. ವ್ಯಾಲಿ ಯೋಜನೆಯ ನೀರು ಕಂದವಾರ ಸೇರಿ ಚಿಕ್ಕಬಳ್ಳಾಪುರದ ಕೆರೆಗಳಿಗೆ, ಹೇಮಾವತಿ ನಾಲೆಯ ನೀರು ತುಮಕೂರು ಜಿಲ್ಲೆಯ ಕೆರೆಗಳಿಗೆ ಬರುತ್ತದೆ. ಅಂತರ್ಜಲಕ್ಕೆ ಇದರಿಂದ ಲಾಭವಾಗಿದೆ, ಅದರಲ್ಲಿ ತಕರಾರಿಲ್ಲ. ಆದರೆ ಹಿಂಗಾರು ಬರುವ ಹೊತ್ತಿಗೇ ಮುಕ್ಕಾಲು ತುಂಬಿರುವ ಕೆರೆಗೆ ಹೊಸ ಮಳೆ ಹಿಡಿಯುವ ಜಾಗವೆಲ್ಲಿದೆ? ಲೆಕ್ಕ ಹಾಕಿ ನೋಡಿ. ಒಂದು ಚದರ ಕಿಲೋಮೀಟರ್ ಜಲಾನಯನದ ಮೇಲೆ 100 ಮಿ.ಮೀ. ಮಳೆ ಬಿದ್ದರೆ ಹತ್ತು ಕೋಟಿ ಲೀಟರ್ ನೀರು. ನೆಲ ಒಣಗಿದ್ದು ಅದರಲ್ಲಿ ಮೂರನೇ ಒಂದು ಭಾಗ ಹರಿದು ಬಂದರೂ ಮೂರು ಕೋಟಿ ಲೀಟರಿಗೆ ಮೇಲು. ನಾಲ್ಕು ದಿನದ ಸೋನೆಗೆ ನೆಲ ಮೊದಲೇ ನೆನೆದಿದ್ದರೆ ಅರ್ಧದಷ್ಟು ಬರಬಹುದು. ವರ್ಷಕ್ಕೆ 700 ಮಿ.ಮೀ. ಆಸುಪಾಸು ಮಳೆ ಬೀಳುವ ನಾಡಿನಲ್ಲಿ ಒಂದೇ ದಿನ 100 ಮಿ.ಮೀ. ಬೀಳುವುದು ಅಪರೂಪವೇ ಹೊರತು ಅಸಾಧ್ಯವಲ್ಲ. ಕೊಳ್ಳಿಯ ಮೇಲಿಟ್ಟ ತುಂಬಿದ ಹಾಲಿನ ಪಾತ್ರೆಯ ಹಾಗೆ ಇದು. ಕಣ್ಣು ತಪ್ಪಿದರೆ ಸಾಕು.

ಇದರ ಜೊತೆಗೆ ಕಾಲುವೆಯ ಗೋಳು. ಇಪ್ಪತ್ತು ವರ್ಷ ನೀರು ಹರಿಯದ ರಾಜಕಾಲುವೆ ಯಾರ ಕಣ್ಣಿಗೂ ಕಾಲುವೆಯಾಗಿ ಕಾಣುವುದಿಲ್ಲ. ಉಳುಮೆಯಲ್ಲಿ ಕಿರಿದಾಗುತ್ತದೆ, ಬಡಾವಣೆಯ ನಕ್ಷೆಯಲ್ಲಿ ರಸ್ತೆಯಾಗುತ್ತದೆ, ಒಂದಡಿ ಪೈಪು ಹಾಕಿ ಮೇಲೆ ಮಣ್ಣು ಮುಚ್ಚುತ್ತಾರೆ. ನೀರು ಮಾತ್ರ ಹಳೇ ದಾರಿಯನ್ನು ಮರೆಯುವುದಿಲ್ಲ.

ನಿಮ್ಮ ನಿವೇಶನ ನೀರಿನ ದಾರಿಯಲ್ಲಿದೆಯೇ?

ಇದನ್ನು ತಿಳಿಯಲು ಎಂಜಿನಿಯರ್ ಬೇಕಾಗಿಲ್ಲ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ತೆರೆದು ಮನೆಯ ಮುಂದೆ ನಿಂತರೆ ಸರ್ವೆ ನಂಬರ್ ಬರುತ್ತದೆ. ಪಕ್ಕದಲ್ಲಿ ಕೆರೆ, ಕಟ್ಟೆ, ಕುಂಟೆ, ಹಳ್ಳ ಅಥವಾ ಬಿ ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ) ಇದೆಯೇ ನೋಡಿ. ಹಳೇ ಗ್ರಾಮನಕ್ಷೆಯಲ್ಲಿ ಹಳ್ಳದ ಗೆರೆ ನಿಮ್ಮ ಬೀದಿಯನ್ನೇ ಹಾದುಹೋಗಿದ್ದರೆ ಆ ಬೀದಿ ಮಳೆಗಾಲದಲ್ಲಿ ಹಳ್ಳವೇ. ಆಮೇಲೆ ಒಂದು ಭಾನುವಾರ ಮೇಲಿನ ಕೆರೆಯ ಕೋಡಿಯಿಂದ ಮನೆಯವರೆಗೆ ನಡೆದು ಬನ್ನಿ. ಮೋರಿ ಎಲ್ಲಿ ಕಿರಿದಾಗಿದೆ, ಬೇಲಿ ಎಲ್ಲಿ ಅಡ್ಡ ಬಂದಿದೆ, ಕಸ ಎಲ್ಲಿ ಗುಡ್ಡೆ ಬಿದ್ದಿದೆ ಎನ್ನುವುದನ್ನೆಲ್ಲ ಫೋಟೊ ತೆಗೆದಿಟ್ಟುಕೊಳ್ಳಿ. ಊರಿನಲ್ಲಿ ಕೆರೆ ನೀರು ಬಿಡುವ ಹೊಣೆ ಹೊತ್ತಿದ್ದ ಹಳೇ ನೀರಗಂಟಿಯ ಮನೆತನದವರು ಇದ್ದರೆ ಅವರಿಗೆ ತಿಳಿದಿರುವಷ್ಟು ಯಾವ ನಕ್ಷೆಗೂ ತಿಳಿದಿರುವುದಿಲ್ಲ. ಹಿಂದೆ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಕೇಳಿ, ಆ ಮಟ್ಟವನ್ನು ಮನೆಯ ಗೋಡೆಯ ಮೇಲೆ ಬಣ್ಣದಲ್ಲಿ ಗುರುತು ಹಾಕಿ. ಮುಂದೆ ಹೇಳುವ ಸ್ವಿಚ್‌ಬೋರ್ಡು, ಅಟ್ಟ, ದಾಸ್ತಾನಿನ ಎತ್ತರವೆಲ್ಲ ಈ ಗೆರೆಯಿಂದಲೇ ಲೆಕ್ಕ.

ಕೆರೆ ಯಾರ ಸುಪರ್ದಿಯಲ್ಲಿದೆ ಎನ್ನುವುದನ್ನೂ ಮೊದಲೇ ತಿಳಿದಿರಬೇಕು. ಅಚ್ಚುಕಟ್ಟು (ಕೆರೆಯ ನೀರುಣ್ಣುವ ಜಮೀನು) 40 ಹೆಕ್ಟೇರಿಗೆ ಮೇಲಿದ್ದರೆ ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆ, ಅದಕ್ಕಿಂತ ಕಡಿಮೆಯಿದ್ದರೆ ಪಂಚಾಯತ್ ವ್ಯವಸ್ಥೆ, ಪಟ್ಟಣದೊಳಗಾದರೆ ನಗರಸಭೆ ಅಥವಾ ಪಾಲಿಕೆ. ನಡುರಾತ್ರಿ ಕೆರೆಯ ಏರಿ (ಮಣ್ಣಿನ ಕಟ್ಟೆ) ಜಿನುಗುವಾಗ ಯಾರಿಗೆ ಫೋನ್ ಮಾಡಬೇಕು ಎಂದು ಚರ್ಚೆಗೆ ಕೂರುವುದು ಬೇಡ. ಆ ವಿಭಾಗದ ಕಿರಿಯ ಎಂಜಿನಿಯರ್, ಪಿಡಿಒ, ಗ್ರಾಮ ಆಡಳಿತಾಧಿಕಾರಿ, ತಹಶೀಲ್ದಾರ್ ಕಚೇರಿಯ ನಂಬರುಗಳು ಸೆಪ್ಟೆಂಬರಿಗೆ ಮುಂಚೆಯೇ ಮೊಬೈಲಿನಲ್ಲೂ ಗೋಡೆಯ ಮೇಲೂ ಇರಲಿ. ಜಿಲ್ಲಾ ನಿಯಂತ್ರಣ ಕೊಠಡಿ 1077, ತುರ್ತು ಸಹಾಯ 112, ಆಂಬುಲೆನ್ಸ್ 108, ಬೆಸ್ಕಾಂ 1912.

ಏರಿ ಏಕೆ ಒಡೆಯುತ್ತದೆ

ಮಣ್ಣಿನ ಏರಿ ಒಡೆಯುವುದಕ್ಕೆ ಮುಖ್ಯವಾಗಿ ಎರಡು ದಾರಿ. ಮೊದಲನೆಯದು ನೀರು ಏರಿಯ ಮೇಲೆ ಹತ್ತಿ ಹರಿಯುವುದು. ಕೋಡಿ ಸರಿಯಿದ್ದರೆ ಹಾಗಾಗಬಾರದು. ಆದರೆ ಇನ್ನೊಂದಿಷ್ಟು ನೀರು ನಿಲ್ಲಲಿ ಎಂದು ಕೋಡಿಯ ಮೇಲೆ ಮರಳು ಮೂಟೆ ಜೋಡಿಸುವುದು, ಮೀನು ತಪ್ಪಿಸಿಕೊಳ್ಳದಿರಲೆಂದು ಬಲೆ ಕಟ್ಟುವುದು ಎಲ್ಲ ಕಡೆ ನಡೆಯುತ್ತದೆ. ಬಲೆಗೆ ಜೊಂಡು, ಪ್ಲಾಸ್ಟಿಕ್ಕು ಸಿಕ್ಕಿದರೆ ಅದು ಗೋಡೆಯೇ ಆಗುತ್ತದೆ. ಕೋಡಿಯ ಮಟ್ಟವನ್ನು ಒಂದಡಿ ಏರಿಸಿದವರು ಏರಿಗಿದ್ದ ರಕ್ಷಣೆಯನ್ನೇ ಒಂದಡಿ ಕಸಿದಂತೆ. ಹಿಂಗಾರಿಗೆ ಮುಂಚೆ ಊರವರು ಸೇರಿ ಮಾಡಬೇಕಾದ ಒಂದೇ ಕೆಲಸ ಹೇಳಿ ಎಂದರೆ ಕೋಡಿ ಬಿಡಿಸುವುದನ್ನೇ ಹೇಳಬೇಕು.

ಎರಡನೆಯದು ಒಳಗಿಂದ ಕೊರೆಯುವುದು. ಇಲಿ, ಏಡಿಯ ಬಿಲ, ಹುತ್ತ, ಒಣಗಿ ಕೊಳೆತ ಜಾಲಿಯ ಬೇರು ಬಿಟ್ಟ ಟೊಳ್ಳು, ಕೆರೆಯ ನೀರು ಹೊರಬಿಡುವ ತೂಬಿನ ಕಟ್ಟಡಕ್ಕೂ ಮಣ್ಣಿಗೂ ನಡುವಿನ ಸಂದು: ನೀರು ಇವುಗಳಲ್ಲಿ ಯಾವುದೋ ಒಂದನ್ನು ಹಿಡಿದು ಹೊರಬದಿಗೆ ಬರುತ್ತದೆ, ಬರುವಾಗ ಮಣ್ಣನ್ನೂ ಎಳೆದು ತರುತ್ತದೆ. ವರ್ಷಗಟ್ಟಲೆ ಬತ್ತಿ ಬಿರುಕುಬಿಟ್ಟ ಏರಿಗೆ ಒಮ್ಮೆಲೇ ನೀರು ತುಂಬಿದಾಗ ಈ ಅಪಾಯ ಹೆಚ್ಚು. ಆದ್ದರಿಂದ ಬಹುಕಾಲದ ಮೇಲೆ ತುಂಬಿದ ಕೆರೆಯನ್ನು ಬಾಗಿನ ಬಿಟ್ಟ ದಿನ ಮಾತ್ರವಲ್ಲ, ಮುಂದಿನ ಹತ್ತು ದಿನವೂ ಯಾರಾದರೂ ನೋಡುತ್ತಿರಬೇಕು. ನೋಡಬೇಕಾದ್ದು ಏರಿಯ ಹಿಂಬದಿಯ ಬುಡವನ್ನು. ಜಿನುಗುವ ನೀರು ತಿಳಿಯಾಗಿದ್ದು ಪ್ರಮಾಣ ಹೆಚ್ಚದಿದ್ದರೆ ಗುರುತು ಹಾಕಿ ದಿನಕ್ಕೆರಡು ಸಲ ಗಮನಿಸಿದರೆ ಸಾಕು. ನೀರು ಕದಡಿ ಬರುತ್ತಿದ್ದರೆ ಒಳಗೆ ಮಣ್ಣು ಕರಗುತ್ತಿದೆ ಎಂದೇ ಅರ್ಥ. ಏರಿಯ ಮೇಲೆ ಉದ್ದಕ್ಕೆ ಹೊಸ ಬಿರುಕು, ಒಂದು ಕಡೆ ಕುಸಿದ ತಗ್ಗು, ಹಿಂಬದಿಯ ನೆಲದಲ್ಲಿ ಬುಗ್ಗೆಯಂತೆ ಮರಳು ಏಳುವುದು, ಇವು ಕಂಡರೆ ಕೆಳಗಿನ ಮನೆಗಳನ್ನು ಎಬ್ಬಿಸುವ ಸಮಯ.

ಇಲ್ಲಿ ಜನ ಸಾಮಾನ್ಯವಾಗಿ ಎಡವುವುದು ಒಂದು ವಿಷಯದಲ್ಲಿ. ನೀರು ಬರುವ ತೂತಿಗೆ ಹೊರಗಿನಿಂದ ಜೇಡಿಮಣ್ಣು ಮೆತ್ತಿ ಮುಚ್ಚಲು ನೋಡುತ್ತಾರೆ. ಒತ್ತಡ ಕಡಿಮೆಯಾಗುವುದಿಲ್ಲ, ನೀರು ಪಕ್ಕದಲ್ಲಿ ಇನ್ನೊಂದು ದಾರಿ ಮಾಡಿಕೊಳ್ಳುತ್ತದೆ. ಮಾಡಬೇಕಾದ್ದು ಇದಕ್ಕೆ ತದ್ವಿರುದ್ಧ: ನೀರು ಬರಲಿ, ಮಣ್ಣು ಬರಬಾರದು. ಅದಕ್ಕೆ ಜಿನುಗುವ ಜಾಗದ ಮೇಲೆ ಮೊದಲು ದಪ್ಪ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಜಲ್ಲಿ ಹರಡುತ್ತಾರೆ. ಬುಗ್ಗೆಯ ಸುತ್ತ ಮರಳು ಮೂಟೆಯಿಂದ ಬಾವಿಕಟ್ಟೆಯಂತೆ ಉಂಗುರ ಕಟ್ಟಿ ಒಳಗೆ ನೀರು ನಿಲ್ಲಲು ಬಿಡುತ್ತಾರೆ. ಜೊತೆಗೆ ತೂಬು ತೆರೆದು ಮಟ್ಟ ಇಳಿಸಬೇಕು. ಏರಿಯನ್ನೇ ಕಡಿದು ನೀರು ಬಿಡುವ ತೀರ್ಮಾನ ಊರವರದ್ದಲ್ಲ, ಎಂಜಿನಿಯರದ್ದು. ಕೆಳಗಿನ ಕೆರೆ ತುಂಬಿದೆಯೋ ಇಲ್ಲವೋ ನೋಡದೆ ಕಡಿದರೆ ಒಂದರ ಬದಲು ಎರಡು ಏರಿ ಹೋಗುತ್ತವೆ.

ಎಚ್ಚರಿಕೆಯನ್ನು ಓದುವ ಬಗೆ

ಹವಾಮಾನ ಇಲಾಖೆಯ ಭಾಷೆಯಲ್ಲಿ 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಬಿದ್ದರೆ ಭಾರಿ ಮಳೆ, 204.4ರವರೆಗೆ ಅತಿ ಭಾರಿ. ಹಳದಿ ಎಂದರೆ ಗಮನವಿರಲಿ, ಕಿತ್ತಳೆ ಎಂದರೆ ತಯಾರಾಗಿ, ಕೆಂಪು ಎಂದರೆ ಕ್ರಮಕ್ಕಿಳಿಯಿರಿ. ಆದರೆ ಎಚ್ಚರಿಕೆ ಬರುವುದು ಇಡೀ ಜಿಲ್ಲೆಗೆ. ಪಾವಗಡದಲ್ಲಿ ಬಿಸಿಲಿದ್ದು ಕುಣಿಗಲ್ಲಿನಲ್ಲಿ ಸುರಿಯುವುದು ತುಮಕೂರು ಜಿಲ್ಲೆಯವರಿಗೆ ಗೊತ್ತೇ ಇದೆ. ಹಾಗಾಗಿ ಹಳದಿ ಬಂದ ದಿನವೇ ಮನೆಯ ಬಯಲಿನಲ್ಲಿ ನೇರ ಬದಿಯ, ಚಪ್ಪಟೆ ತಳದ ಡಬ್ಬವೊಂದನ್ನು ಇಡಿ. ಸ್ಕೇಲು ಅದ್ದಿ ಅಳೆದಾಗ ಒಂದೇ ರಾತ್ರಿ ಆರೂವರೆ ಸೆಂ.ಮೀ. ದಾಟಿದ್ದರೆ, ಮೇಲಿನ ಕೆರೆ ಆಗಲೇ ತುಂಬಿದ್ದರೆ, ಕಿತ್ತಳೆಗೋ ಕೆಂಪಿಗೋ ಕಾಯಬೇಡಿ. ಸಚೇತ್ ಆ್ಯಪ್ ಎಚ್ಚರಿಕೆ ಕೊಡುತ್ತದೆ. ಸಿಡಿಲಿನ ಮುನ್ಸೂಚನೆಗೆ ದಾಮಿನಿ ಆ್ಯಪ್ ಇದೆ. ಏಪ್ರಿಲ್, ಮೇ ತಿಂಗಳ ಸಂಜೆ ಮಳೆಯಲ್ಲಿ ಹೊಲದಲ್ಲಿರುವವರಿಗೆ, ಕುರಿ ಮೇಯಿಸುವವರಿಗೆ ದಾಮಿನಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆಯಾದರೆ ಒಂಟಿ ಹುಣಸೆಮರದ ಕೆಳಗಲ್ಲ, ಗಟ್ಟಿ ಕಟ್ಟಡದೊಳಗೆ ಹೋಗಬೇಕು. ಕೊನೆಯ ಗುಡುಗಿನಿಂದ ಅರ್ಧ ಗಂಟೆ ಅಲ್ಲೇ ಇರಬೇಕು.

ಭೂಕಂಪದ ಬಗ್ಗೆ ಒಂದು ಮಾತು ಸಾಕು. 2021ರ ಡಿಸೆಂಬರಿನಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ಹಳ್ಳಿಗಳನ್ನು ನಡುಗಿಸಿದ ಕಂಪನಗಳು 3ರ ಆಸುಪಾಸಿನ ತೀವ್ರತೆಯವು. ಅಂಥವು ಗಟ್ಟಿ ಮನೆಯನ್ನು ಬೀಳಿಸುವುದಿಲ್ಲ. ಮಳೆಗೆ ನೆನೆದು ಉಬ್ಬಿದ ಗೋಡೆಯ ಮಾತು ಬೇರೆ.

ಮನೆಯೊಳಗೆ

ಮಣ್ಣಿನ ಗೋಡೆ, ಕಲ್ಲುಚಪ್ಪಡಿಯ ಮಾಡು ಇರುವ ಮನೆಗಳು ಈ ಭಾಗದಲ್ಲಿ ಇನ್ನೂ ಬೇಕಾದಷ್ಟಿವೆ. ಮೇಲಿನ ಭಾರ ಚಪ್ಪಡಿಯದ್ದು, ಹೊರುವ ಗೋಡೆ ಮಣ್ಣಿನದ್ದು. ಬುಡದಲ್ಲಿ ತೇವ ಒಂದೂವರೆ ಅಡಿಗೆ ಏರಿದೆ, ಗೋಡೆ ಹೊಟ್ಟೆ ಬಂದಿದೆ, ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾಗಿದೆ, ಮೇಲೆ ಅಗಲವಾಗುವ ಬಿರುಕು ಹೊಸದಾಗಿ ಕಂಡಿದೆ ಎಂದರೆ ಅಲ್ಲಿ ಆ ರಾತ್ರಿ ಮಲಗಬಾರದು. ಮಳೆ ನಿಂತಿತಲ್ಲ ಎಂದು ಮರುದಿನವೇ ಒಳಗೆ ಹೋಗುವುದೂ ತಪ್ಪು; ನೆನೆದ ಗೋಡೆ ಮಳೆ ನಿಂತ ಮೇಲೂ ಬೀಳುತ್ತದೆ. ಶಾಲೆ, ಸಮುದಾಯ ಭವನದ ಕೀಲಿ ಯಾರ ಹತ್ತಿರ ಇದೆ ಎನ್ನುವುದು ಅದಕ್ಕಾಗಿ ಮೊದಲೇ ಗೊತ್ತಿರಬೇಕು.

ನೀರು ಹೊಸ್ತಿಲಿಗೆ ಬರುವ ಮುಂಚೆ ಮೇನ್ ಸ್ವಿಚ್ ಇಳಿಸಿ. ಬಂದ ಮೇಲೆ, ನೀರಿನಲ್ಲಿ ನಿಂತು, ಅದನ್ನು ಮುಟ್ಟಲೇಬಾರದು. ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ತಾನೇ ಕಡಿಯುವ ಸ್ವಿಚ್) ಇದ್ದರೆ ಪ್ರಾಣ ಉಳಿಯುವ ಸಂಭವ ಹೆಚ್ಚು; ಎಂಸಿಬಿ (ಕರೆಂಟು ಮಿತಿಮೀರಿದಾಗ ಕಡಿಯುವ ಸ್ವಿಚ್) ವೈರನ್ನು ಕಾಪಾಡುತ್ತದೆ, ಮನುಷ್ಯನನ್ನಲ್ಲ. ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಟ್ರಿಪ್ ಆಗದಿದ್ದರೆ ಬದಲಾಯಿಸಿ. ಇನ್ವರ್ಟರ್ ಬ್ಯಾಟರಿ ನೆಲದ ಮೇಲಿದ್ದರೆ ಗುರುತಿನ ಗೆರೆಗಿಂತ ಮೇಲಕ್ಕೆ ಕಲ್ಲು ಕಟ್ಟೆ ಮಾಡಿಡಿ. ಮೇನ್ ಇಳಿಸಿದರೂ ಇನ್ವರ್ಟರಿನಿಂದ ವೈರಿಂಗಿಗೆ ಕರೆಂಟು ಹೋಗುತ್ತಿರುತ್ತದೆ, ಅದನ್ನೂ ಆರಿಸಬೇಕು. ತೋಟದ ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆಯದ್ದೂ ಇದೇ ಕಥೆ. ಮಳೆಯಲ್ಲಿ ಒದ್ದೆ ಕೈಯಲ್ಲಿ ಮೋಟಾರ್ ಹಾಕಲು ಹೋಗಿ ಸಾಯುವವರ ಸುದ್ದಿ ಪ್ರತಿ ವರ್ಷ ಓದುತ್ತೇವೆ, ಆದರೂ ಅರ್ತಿಂಗ್ ಕಂಬಿಯ ಕಡೆ ನೋಡುವವರು ಕಡಿಮೆ.

ಕುಡಿಯುವ ನೀರಿನಲ್ಲಿ ನಮಗೊಂದು ವಿಶೇಷ ತೊಡಕಿದೆ. ಫ್ಲೋರೈಡ್ ಕಾರಣಕ್ಕೆ ಹಳ್ಳಿಗಳೂ ಶುದ್ಧ ನೀರಿನ ಘಟಕವನ್ನೇ ನಂಬಿವೆ. ಕಂಬ ಬಿದ್ದು ಎರಡು ದಿನ ಕರೆಂಟು ಹೋದರೆ ಘಟಕವೂ ಇಲ್ಲ, ಕೊಳವೆಬಾವಿಯೂ ಇಲ್ಲ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ಆದರೆ ಮೂರು ದಿನದ ಫ್ಲೋರೈಡಿನಿಂದ ಏನೂ ಆಗದು, ಒಂದು ಲೋಟ ಕಲುಷಿತ ನೀರಿನಿಂದ ವಾಂತಿಭೇದಿ ಬಂದೀತು. ಆದ್ದರಿಂದ ತುರ್ತಿನಲ್ಲಿ ಕುದಿಸಿದ ಬೋರಿನ ನೀರು ಕುಡಿಯಲು ಹಿಂಜರಿಯಬೇಡಿ. ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ 4 ಲೀಟರ್ ಹಿಡಿದರೆ ಐದು ಜನರಿಗೆ ಮೂರು ದಿನಕ್ಕೆ 60 ಲೀಟರ್, ಅಂದರೆ 20 ಲೀಟರಿನ ಮೂರು ಕ್ಯಾನು. ಬಳಕೆಗೆ ಬೇರೆ 200 ಲೀಟರಿನ ಒಂದು ಡ್ರಮ್ಮು. ಕಿತ್ತಳೆ ಎಚ್ಚರಿಕೆ ಬಂದ ಸಂಜೆಯೇ ಇವು ತುಂಬಿರಲಿ.

ಪಹಣಿ, ಖಾತೆ, ಆಧಾರ್, ಪಡಿತರ ಚೀಟಿ, ವಿಮೆ, ಬ್ಯಾಂಕ್ ಪುಸ್ತಕ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ, ಎಲ್ಲದರ ಫೋಟೊ ಊರಾಚೆಯ ಒಬ್ಬ ನೆಂಟರ ಮೊಬೈಲಿನಲ್ಲಿ. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆ ಒಂದು ವಾರಕ್ಕೆ. ಇನ್ಸುಲಿನ್ ಇದ್ದರೆ ಫ್ರಿಜ್ ನಿಂತಾಗ ಒದ್ದೆ ಬಟ್ಟೆ ಸುತ್ತಿದ ಹೊಸ ಮಣ್ಣಿನ ಮಡಕೆ ಆಗುತ್ತದೆ. ದನ ಕಟ್ಟುವವರು ಎಚ್ಚರಿಕೆಯ ರಾತ್ರಿ ಕೊಟ್ಟಿಗೆಯಲ್ಲಿ ಹಗ್ಗ ಬಿಗಿಯಬಾರದು; ನೀರು ನುಗ್ಗಿದಾಗ ಸಾಯುವುದು ಹೆಚ್ಚಾಗಿ ಕಟ್ಟಿಹಾಕಿದ ದನ. ಕಿವಿಯೋಲೆಯ 12 ಅಂಕಿ ಕಾಣುವಂತೆ ಪ್ರತಿ ಹಸುವಿನ ಫೋಟೊ ತೆಗೆದಿಡಿ, ಪರಿಹಾರದ ಹೊತ್ತಿಗೆ ಬೇಕಾಗುತ್ತದೆ.

ರಸ್ತೆಯ ಮೇಲೆ ನಿಯಮ ಒಂದೇ: ಹರಿಯುವ ನೀರಿಗೆ ಇಳಿಯಬೇಡಿ. ರಭಸವಿದ್ದರೆ ಅರ್ಧ ಅಡಿ ನೀರು ಆಳನ್ನು ಕೆಡವುತ್ತದೆ, ಒಂದಡಿ ನೀರು ಸಣ್ಣ ಕಾರನ್ನು ತೇಲಿಸುತ್ತದೆ. ಕೋಡಿಯ ಮೇಲೇ ಹಾದುಹೋಗುವ ಹಳ್ಳಿ ರಸ್ತೆಗಳಲ್ಲಿ ಪಾಚಿಯೂ ಸೇರಿಕೊಳ್ಳುತ್ತದೆ. ಕೋಡಿ ಬಿದ್ದ ದಿನ ಊರೇ ನೋಡಲು ಹೋಗುತ್ತದೆ, ಸೆಲ್ಫಿ ತೆಗೆಯುತ್ತದೆ; ಜಾರುವುದು ಅಲ್ಲೇ. ರೈಲ್ವೆ ಅಂಡರ್‌ಪಾಸುಗಳಲ್ಲಿ ಎಷ್ಟು ಆಳ ನಿಂತಿದೆ ಎಂದು ರಾತ್ರಿ ಹೆಡ್‌ಲೈಟಿಗೆ ಕಾಣುವುದಿಲ್ಲ.

ಅಂಗಡಿ, ಕಾರ್ಖಾನೆ, ಗೋದಾಮು

ವ್ಯಾಪಾರಸ್ಥರ ನಷ್ಟದಲ್ಲಿ ದೊಡ್ಡ ಪಾಲು ನೆಲದಿಂದ ಒಂದೂವರೆ ಅಡಿಯೊಳಗೆ ಇಟ್ಟ ಸರಕಿನದ್ದು. ಕಿರಾಣಿ, ಗೊಬ್ಬರ, ಸಿಮೆಂಟು, ಪಶು ಆಹಾರ, ಎಲ್ಲವನ್ನೂ ಮರದ ಅಥವಾ ಪ್ಲಾಸ್ಟಿಕ್ ಪ್ಯಾಲೆಟ್ಟಿನ ಮೇಲಿಡಿ, ಗೋಡೆಯಿಂದ ಒಂದಡಿ ಬಿಡಿ. ಕೆಳಗಿನ ಸಾಲಿನಲ್ಲಿ ನೆನೆದರೂ ಹಾಳಾಗದ ಸರಕಿರಲಿ. ಷಟರಿನ ಅಡಿಯಿಂದ ಬರುವ ನೀರಿಗೆ ಮೂಟೆ ಜೋಡಿಸುವವರು ಮೊದಲು ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ಮೂಟೆ ಇಡಬೇಕು. ಮೂಟೆಗೆ ಮುಕ್ಕಾಲು ಭಾಗ ಮಾತ್ರ ಮರಳು. ಕಂಠಮಟ್ಟ ತುಂಬಿದ ಮೂಟೆ ಒಂದಕ್ಕೊಂದು ಕೂರುವುದಿಲ್ಲ, ಸಂದಿನಲ್ಲಿ ನೀರು ಬರುತ್ತದೆ. ಶೌಚಾಲಯದ ಪೈಪಿನಿಂದಲೂ ನೀರು ಹಿಂದಕ್ಕೆ ನುಗ್ಗುತ್ತದೆ ಎನ್ನುವುದು ಬಹಳ ಜನರಿಗೆ ಆ ದಿನವೇ ತಿಳಿಯುವುದು. ಚರಂಡಿಗೆ ಸೇರುವ ಕಡೆ ಹಿಂದಿರುಗದ ವಾಲ್ವ್ ಹಾಕಿಸಬೇಕು.

ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆ ಘಟಕಗಳಲ್ಲಿ ಸಂಕಟ ಎರಡು ಬಗೆ: ಗೂಡು ತೇವಕ್ಕೆ ಕೆಡುತ್ತದೆ, ಸೌದೆ ನೆನೆದರೆ ಬಾಯ್ಲರ್ ಉರಿಯದೆ ಕೆಲಸವೇ ನಿಲ್ಲುತ್ತದೆ. ಕೋಲಾರದ ಟೊಮೆಟೊ ವ್ಯಾಪಾರಿಗಳಿಗೆ ಒಂದು ದಿನ ರಸ್ತೆ ಕಡಿತವಾದರೂ ಸರಕು ಕೊಳೆತಂತೆಯೇ. ಬದಲಿ ದಾರಿ, ಬದಲಿ ಮಂಡಿ ಯಾವುದು ಎಂದು ಲಾರಿಯವರ ಜೊತೆ ಮೊದಲೇ ಮಾತಾಗಿರಬೇಕು. ವಸಂತನರಸಾಪುರ, ನರಸಾಪುರದಂಥ ಕೈಗಾರಿಕಾ ಪ್ರದೇಶಗಳ ಸಣ್ಣ ಘಟಕಗಳಲ್ಲಿ ಜನರೇಟರನ್ನು ತಗ್ಗಿನಲ್ಲಿ ಕೂರಿಸಿರುತ್ತಾರೆ, ಪ್ಯಾನೆಲ್ ನೆಲಕ್ಕೆ ತಾಗಿರುತ್ತದೆ. ಎರಡನ್ನೂ ಎತ್ತರಿಸಿ. ಆದರೆ ಮಳೆ ಎಂದು ಜನರೇಟರನ್ನು ಮುಚ್ಚಿದ ಕೋಣೆಯೊಳಗೆ ಓಡಿಸಿದರೆ ಅದರ ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಆಳು ನಿದ್ದೆಯಲ್ಲೇ ಹೋಗುತ್ತಾನೆ.

ಇನ್ನು ವಿಮೆ. ಐದು ಕೋಟಿ ರೂಪಾಯಿವರೆಗಿನ ಆಸ್ತಿಯ ಉದ್ದಿಮೆಗೆ 2021ರ ಏಪ್ರಿಲಿನಿಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಎಂಬ ಪಾಲಿಸಿ ಇದೆ, ಮನೆಗೆ ಭಾರತ್ ಗೃಹ ರಕ್ಷಾ. ಬೆಂಕಿ, ಸಿಡಿಲು, ನೆರೆ, ಭೂಕಂಪ ಎಲ್ಲ ಸೇರುತ್ತವೆ. ಹೆಚ್ಚಿನವರು ಮೋಸ ಹೋಗುವುದು ಪಾಲಿಸಿ ಇಲ್ಲದೆ ಅಲ್ಲ, ಇದ್ದೂ. 20 ಲಕ್ಷದ ದಾಸ್ತಾನಿಗೆ 10 ಲಕ್ಷದ ವಿಮೆ ಮಾಡಿಸಿದವರಿಗೆ 4 ಲಕ್ಷ ನಷ್ಟವಾದರೆ ಪೂರ್ತಿ 4 ಲಕ್ಷ ಸಿಗುವುದಿಲ್ಲ, ಅರ್ಧಕ್ಕೆ ವಿಮೆ ಮಾಡಿಸಿದ ಲೆಕ್ಕದಲ್ಲಿ 2 ಲಕ್ಷ ಸಿಗುತ್ತದೆ. ಸಾಲ ಕೊಟ್ಟ ಬ್ಯಾಂಕ್ ಮಾಡಿಸಿದ ಪಾಲಿಸಿಯಲ್ಲಿ ಸಾಲದ ಮೊತ್ತಕ್ಕಷ್ಟೇ ರಕ್ಷಣೆ ಇರಬಹುದು, ಗೋದಾಮಿನ ವಿಳಾಸ ಹಳೆಯದಿರಬಹುದು. ಇಂದೇ ತೆಗೆದು ಓದಿ. ಪ್ರತಿ ತಿಂಗಳ ದಾಸ್ತಾನು ಲೆಕ್ಕವನ್ನು ಅಂಗಡಿಯ ಹೊರಗೆ, ಇಮೇಲಿನಲ್ಲೋ ಲೆಕ್ಕಿಗರ ಬಳಿಯೋ ಇಡಿ.

ನೀರು ಇಳಿದ ಮೇಲೆ

ಮುಳುಗಿದ ಬೈಕು, ಕಾರು, ಪಂಪ್‌ಸೆಟ್ಟನ್ನು ಶುರು ಮಾಡಿ ನೋಡಬೇಡಿ. ಎಂಜಿನ್ನಿನೊಳಗೆ ನೀರಿದ್ದರೆ ಒಂದೇ ಸ್ಟಾರ್ಟಿಗೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ವಿಮೆಯವರೂ ಆ ಹಾನಿಯನ್ನು ತಳ್ಳಿಹಾಕಬಹುದು. ವೈರಿಂಗನ್ನು ಎಲೆಕ್ಟ್ರಿಷಿಯನ್ ನೋಡಿದ ಮೇಲೆಯೇ ಮೇನ್ ಹಾಕುವುದು.

ನೆಲದಡಿಯ ನೀರಿನ ಸಂಪ್‌ಗೆ ಚರಂಡಿ ನೀರು ಸೇರಿದ್ದರೆ ಖಾಲಿ ಮಾಡಿ, ಉಜ್ಜಿ, ಮತ್ತೆ ತುಂಬಿ ಸಾವಿರ ಲೀಟರಿಗೆ 150 ಗ್ರಾಂ ಬ್ಲೀಚಿಂಗ್ ಪೌಡರ್ ಹಾಕಿ ರಾತ್ರಿಯಿಡೀ ಬಿಟ್ಟು ಚೆಲ್ಲಿ. ನಂತರ ಬಳಸುವ ನೀರಿಗೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಸಾಕು, ಒಂದು ಗಂಟೆ ಕಾಯಬೇಕು. ಗಡ್ಡೆಕಟ್ಟಿದ, ಘಾಟು ಹೋದ ಪೌಡರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಕೊಳವೆಬಾವಿಯ ಕೇಸಿಂಗ್ ನೆಲಮಟ್ಟದಲ್ಲಿ ಮುಳುಗಿದ್ದರೆ ಅದಕ್ಕೂ ಕ್ಲೋರಿನ್ ಬೇಕು. ಮುಂದಕ್ಕೆ ಎರಡಡಿ ಎತ್ತರಿಸಿ ಮುಚ್ಚಳ ಬಿಗಿಸಿ.

ತೊಳೆಯುವ ಮುಂಚೆ ಫೋಟೊ, ವಿಡಿಯೊ. ಮಹಜರಿಗೆ ಬರುವ ಹೊತ್ತಿಗೆ ಎಲ್ಲ ಚೊಕ್ಕಟವಾಗಿದ್ದರೆ ಹಾನಿ ಕಾಣುವುದಿಲ್ಲ. ಸತ್ತ ಹಸುವನ್ನು ಪಶುವೈದ್ಯರ ಪರೀಕ್ಷೆಗೆ ಮುಂಚೆ ಹೂಳಬೇಡಿ. 2022ರಿಂದ 2026ರ ಅವಧಿಗೆ ಕೇಂದ್ರ ನಿಗದಿ ಮಾಡಿದ ವಿಪತ್ತು ಪರಿಹಾರದ ದರದಂತೆ ಹಾಲು ಕರೆಯುವ ಹಸು, ಎಮ್ಮೆಗೆ 37,500 ರೂ., ಕುರಿ, ಮೇಕೆಗೆ 4,000 ರೂ., ಬಯಲುಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ 1.20 ಲಕ್ಷ ರೂ., ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂ., ನೀರಾವರಿಗೆ 17,000 ರೂ., ಬಹುವಾರ್ಷಿಕ ಬೆಳೆಗೆ 22,500 ರೂ., ಎರಡು ಹೆಕ್ಟೇರಿನ ಮಿತಿಯಲ್ಲಿ. ಬೆಳೆನಷ್ಟ ಶೇ 33ನ್ನು ಮುಟ್ಟಿರಬೇಕು. ಆಗಾಗ ರಾಜ್ಯ ಸರ್ಕಾರ ಇದರ ಮೇಲೆ ಸೇರಿಸಿ ಕೊಟ್ಟಿದ್ದೂ ಇದೆ. ಫಸಲ್ ಬಿಮಾ ಬೆಳೆವಿಮೆ ಮಾಡಿಸಿದವರು ಹೊಲದಲ್ಲಿ ನೀರು ನಿಂತದ್ದನ್ನು 72 ಗಂಟೆಯೊಳಗೆ ವಿಮಾ ಕಂಪನಿಗೋ ಕೃಷಿ ಇಲಾಖೆಗೋ ತಿಳಿಸಬೇಕು. ಈ ಗಡುವು ಶುರುವಾಗುವುದು ನೀರು ನಿಂತ ಗಳಿಗೆಯಿಂದ, ಗ್ರಾಮ ಆಡಳಿತಾಧಿಕಾರಿ ನೋಡಲು ಬಂದ ದಿನದಿಂದ ಅಲ್ಲ.